ನೋಡಲು ಕಲಿಯುವ ಬೇಸಿಗೆ

(ಸಂಘದ ಬೇಸಿಗೆ ಚಲನಚಿತ್ರ ಪ್ರದರ್ಶನ ಮಾಲಿಕೆಯ ಆರಂಭ ಸಮಾರಂಭದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)

 

ಈ ವೇದಿಕೆಯಿಂದ ನಾವು ಸಾಮಾನ್ಯವಾಗಿ ಮಾತನಾಡುವ ವಿಷಯಗಳು ತಮಗೆಲ್ಲ ತಿಳಿದೇ ಇವೆ. ವಿದ್ಯಾರ್ಥಿವೇತನದ ಅರ್ಜಿ, ಎಸ್ಸೆಸ್ಸೆಲ್ಸಿ ಫಲಿತಾಂಶ, ಸಿಇಟಿ ಕೌನ್ಸೆಲಿಂಗ್, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸುವುದು. ಇಂದು ಮಾತ್ರ ಸಿನಿಮಾದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದೂ ಇರಾನಿನ, ಇಟಲಿಯ, ಜಪಾನಿನ ಹಳೆಯ ಸಿನಿಮಾಗಳ ಬಗ್ಗೆ. ಈ ಮಾಲಿಕೆಯ ವಿಚಾರ ಸಮಿತಿಯ ಮುಂದೆ ಬಂದಾಗ ನಾನು ಬಹಳ ಗೌರವಿಸುವ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಭಾಯಿ, ಮಕ್ಕಳಿಗೆ ಸಿಗುವುದೇ ಎರಡು ತಿಂಗಳ ರಜೆ. ಗಣಿತ ಹೇಳಿಕೊಡೋಣ, ಸ್ಪೋಕನ್ ಇಂಗ್ಲಿಷ್ ಕಲಿಸೋಣ. ಯಾರಿಗೂ ಅರ್ಥವಾಗದ ಭಾಷೆಯ ಸಿನಿಮಾ ತೋರಿಸಿ ಏನು ಪ್ರಯೋಜನ?"

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ಈ ಮಾಲಿಕೆಯನ್ನು ಆರಂಭಿಸುವುದು ಸರಿಯಲ್ಲ. ನನ್ನ ಇಂದಿನ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಎಂದು ತಾವು ತಿಳಿಯಬೇಕು.

ಮೊದಲು ಒಂದು ಘಟನೆ ಹೇಳುತ್ತೇನೆ. ನಮ್ಮ ಸಂಘದ ನೆರವಿನಿಂದ ಓದಿ, ಒಳ್ಳೆಯ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಕೆಲಸದ ಸ್ಥಳಕ್ಕೆ ಹತ್ತಿರವಾಗಲೆಂದು ನಗರದ ಇದೇ ಭಾಗದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟ. ಫೋನಿನಲ್ಲಿ ಮಾತನಾಡಿದಾಗ ಅವನ ಕನ್ನಡ ಕೇಳಿ ಮಾಲೀಕರಿಗೆ ಸಂತೋಷವಾಯಿತು. ಮನೆ ತೋರಿಸಿದರು, ಅಡ್ವಾನ್ಸ್ ಮಾತಾಯಿತು. ಹೆಸರು ಕೇಳಿದ ಮೇಲೆ, "ಮನೆಯಲ್ಲಿ ವಿಚಾರಿಸಿ ಹೇಳುತ್ತೇವೆ" ಎಂದರು. ಮತ್ತೆ ಫೋನ್ ಬರಲಿಲ್ಲ. ನಾಲ್ಕು ಮನೆಗಳಲ್ಲಿ ಹೀಗೇ ಆಯಿತು. ಅವನು ನನ್ನ ಬಳಿ ಬಂದು ಹೇಳಿದ ಮಾತು ಇದು: "ಸಾರ್, ಅವರು ಕೆಟ್ಟವರೇನಲ್ಲ. ಕಾಫಿ ಕೊಟ್ಟರು. ಆದರೆ ಹೆಸರು ಕೇಳಿದ ಮೇಲೆ ಅವರು ನನ್ನನ್ನು ನೋಡುತ್ತಿರಲಿಲ್ಲ, ಬೇರೆ ಯಾರನ್ನೋ ನೋಡುತ್ತಿದ್ದರು."

ಆ "ಬೇರೆ ಯಾರೋ" ಯಾರು? ಅವರು ಎಂದೂ ಭೇಟಿಯಾಗದ, ಪರದೆಯ ಮೇಲೆ ಮಾತ್ರ ಕಂಡ ಒಬ್ಬ ಮನುಷ್ಯ. ನಮ್ಮ ಜನಪ್ರಿಯ ಸಿನಿಮಾಗಳಲ್ಲಿ ಮುಸ್ಲಿಮ್ ಪಾತ್ರ ಎಂದರೆ ಒಂದು ಕಾಲದಲ್ಲಿ ನಾಯಕನಿಗಾಗಿ ಪ್ರಾಣ ಕೊಡುವ ಸ್ನೇಹಿತ, ಇಲ್ಲವೇ ಶಾಯರಿ ಹೇಳುವ ನವಾಬ. ಆಮೇಲೆ ಬಂದೂಕು ಹಿಡಿದವನು. ಮಗಳ ಶಾಲೆಯ ಫೀಸಿಗೆ ಪರದಾಡುವ, ಬೆಳಿಗ್ಗೆ ಎದ್ದು ಆಟೋ ಒರೆಸುವ, ಹೆಂಡತಿಯ ಜೊತೆ ಜಗಳವಾಡಿ ಮತ್ತೆ ರಾಜಿಯಾಗುವ ಸಾಮಾನ್ಯ ಮನುಷ್ಯನನ್ನು ಅಲ್ಲಿ ಕಾಣುವುದು ಬಹಳ ಅಪರೂಪ.

ಆದರೆ ನಾನು ಇಲ್ಲಿಗೇ ನಿಲ್ಲಿಸಿದರೆ ಅದು ಬರೀ ದೂರು ಆಗುತ್ತದೆ. ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಾವು ಇತರರನ್ನು ಹೇಗೆ ನೋಡುತ್ತೇವೆ? ಪಕ್ಕದ ಬೀದಿಯ ಮನೆಯವರ ಕಷ್ಟ ಏನೆಂದು ನಮಗೆಷ್ಟು ಗೊತ್ತು? ನಮ್ಮ ಮನೆಯ ಹೆಣ್ಣುಮಕ್ಕಳನ್ನೇ ನಾವು ಸರಿಯಾಗಿ ನೋಡಿದ್ದೇವೆಯೇ? ನೋಟದ ಈ ಕಾಯಿಲೆ ಒಂದು ಸಮುದಾಯಕ್ಕೆ ಮಾತ್ರ ಅಂಟಿದ್ದಲ್ಲ.

ವಿದ್ಯಾರ್ಥಿಗಳಿಗೆ ಇಬ್ನ್ ಅಲ್‌ಹೈಥಮ್ ಅವರ ಹೆಸರು ಗೊತ್ತಿರಬೇಕು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ಈ ವಿಜ್ಞಾನಿ ಬೆಳಕು ಮತ್ತು ದೃಷ್ಟಿಯ ಬಗ್ಗೆ "ಕಿತಾಬ್ ಅಲ್‌ಮನಾಝಿರ್" ಎಂಬ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನಾವು ನೋಡುತ್ತೇವೆ ಎಂದರು. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಬೆಳಕನ್ನು ಒಳಗೆ ಬಿಟ್ಟು ಪರೀಕ್ಷೆ ಮಾಡಿದರು. ಇಂದು ಈ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದೇವಲ್ಲ, ಇದೂ ಒಂದು ಕತ್ತಲೆ ಕೋಣೆಯೇ. ಅವರು ಹೇಳಿದ ಇನ್ನೊಂದು ವಿಷಯ ನಮಗೆ ಇನ್ನೂ ಮುಖ್ಯ. ಕಣ್ಣಿಗೆ ಬೆಳಕು ತಲುಪಿದ ಮಾತ್ರಕ್ಕೆ ನೋಟ ಮುಗಿಯುವುದಿಲ್ಲ. ಮನಸ್ಸು ಹಿಂದಿನ ಅನುಭವದೊಂದಿಗೆ ಹೋಲಿಸಿ ತೀರ್ಮಾನ ಮಾಡುತ್ತದೆ. ಆ ತೀರ್ಮಾನ ಎಷ್ಟು ಬೇಗ ಆಗಿಬಿಡುತ್ತದೆಂದರೆ ಅದು ಆದದ್ದೇ ನಮಗೆ ತಿಳಿಯುವುದಿಲ್ಲ. ಹಿಂದಿನ ಅನುಭವ ತಪ್ಪಾಗಿದ್ದರೆ ಇಂದಿನ ನೋಟವೂ ತಪ್ಪಾಗುತ್ತದೆ. ಆದ್ದರಿಂದ ಓದಲು, ಲೆಕ್ಕ ಮಾಡಲು ಕಲಿತಂತೆ ನೋಡಲೂ ಕಲಿಯಬೇಕು. ಹಿರಿಯರ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದು.

ಮಾಲಿಕೆಯ ಮೊದಲ ಚಿತ್ರ ಇರಾನಿನ ಮಜೀದ್ ಮಜೀದಿ ಅವರ "ಚಿಲ್ಡ್ರನ್ ಆಫ್ ಹೆವನ್" (1997). ಕಥೆ ಬಹಳ ಚಿಕ್ಕದು. ಅಲಿ ಎಂಬ ಹುಡುಗ ತಂಗಿ ಝಹ್ರಾಳ ಶೂ ರಿಪೇರಿ ಮಾಡಿಸಿ ತರುವಾಗ ಕಳೆದುಬಿಡುತ್ತಾನೆ. ಅಪ್ಪನಿಗೆ ಹೊಸ ಜೋಡಿ ಕೊಡಿಸುವ ಶಕ್ತಿಯಿಲ್ಲವೆಂದು ಮಕ್ಕಳಿಗೆ ಗೊತ್ತು. ಅಣ್ಣನ ಒಂದೇ ಜೋಡಿ ಶೂವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ತಂಗಿ ಬೆಳಗಿನ ಶಾಲೆ ಮುಗಿಸಿ ಓಡೋಡಿ ಬರಬೇಕು, ಅಣ್ಣ ಅದನ್ನು ಹಾಕಿಕೊಂಡು ಮಧ್ಯಾಹ್ನದ ಶಾಲೆಗೆ ಓಡಬೇಕು. ಪಾದರಾಯನಪುರದಲ್ಲೋ ಗೋರಿಪಾಳ್ಯದಲ್ಲೋ ಬೆಳೆದ ಮಕ್ಕಳಿಗೆ ಈ ಕಥೆಗೆ ಅನುವಾದ ಬೇಕೇ?

ಇದರಲ್ಲಿ ಎರಡು ದೃಶ್ಯಗಳನ್ನು ಗಮನವಿಟ್ಟು ನೋಡಿ. ಅಲಿಯ ಅಪ್ಪ ಮಸೀದಿಯ ಕಾರ್ಯಕ್ರಮಕ್ಕಾಗಿ ಮನೆಯಲ್ಲಿ ಕೂತು ಸಕ್ಕರೆ ಗಟ್ಟಿಗಳನ್ನು ಒಡೆಯುತ್ತಿರುತ್ತಾರೆ. ಮುಂದೆ ಸಕ್ಕರೆಯ ರಾಶಿಯೇ ಇದೆ. ಮಗಳು ಚಹಾ ತರುತ್ತಾಳೆ. ಅವರು ಸಕ್ಕರೆ ಕೇಳುತ್ತಾರೆ. ಇಷ್ಟೊಂದು ಇದೆಯಲ್ಲ ಎನ್ನುತ್ತಾಳೆ ಮಗಳು. ಅದು ಮಸೀದಿಯದು, ನಮ್ಮ ಕೈಗೆ ನಂಬಿ ಕೊಟ್ಟದ್ದು ಎಂದು ಅಪ್ಪ ತಿಳಿಹೇಳುತ್ತಾರೆ. ಅಮಾನತ್ ಎಂದರೇನು ಎಂದು ನಾವು ಬಯಾನ್‌ಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇಲ್ಲಿ ಅದು ಒಂದು ಲೋಟ ಚಹಾದ ಪಕ್ಕದಲ್ಲಿ ಕಾಣುತ್ತದೆ.

ಎರಡನೆಯದು: ಝಹ್ರಾ ತನ್ನ ಶೂವನ್ನು ಶಾಲೆಯ ಇನ್ನೊಬ್ಬ ಹುಡುಗಿಯ ಕಾಲಿನಲ್ಲಿ ನೋಡುತ್ತಾಳೆ. ಅಣ್ಣ ತಂಗಿ ಇಬ್ಬರೂ ಆ ಹುಡುಗಿಯನ್ನು ಹಿಂಬಾಲಿಸಿ ಮನೆಯವರೆಗೆ ಹೋಗುತ್ತಾರೆ. ಅಲ್ಲಿ ಅವಳು ಕಣ್ಣಿಲ್ಲದ ತಂದೆಯನ್ನು ಕೈಹಿಡಿದು ಕರೆದೊಯ್ಯುವುದನ್ನು ಕಾಣುತ್ತಾರೆ. ಏನನ್ನೂ ಕೇಳದೆ ಹಿಂದಿರುಗುತ್ತಾರೆ. ತಮ್ಮದೇ ವಸ್ತು, ತಮ್ಮದೇ ಹಕ್ಕು. ಆದರೂ ಆ ಮನೆಯನ್ನು ಕಂಡ ಮೇಲೆ ಅವರ ತೀರ್ಮಾನ ಬದಲಾಯಿತು. ನಮ್ಮ ಹುಡುಗನಿಗೆ ಮನೆ ಕೊಡದವರು ಹೀಗೆ ಒಂದು ಸಲ ನೋಡಿದ್ದರೆ, ನಾವೂ ಇತರರನ್ನು ಹೀಗೆ ನೋಡಿದ್ದರೆ ಎಂದು ನನಗೆ ಆ ದೃಶ್ಯ ಕಂಡಾಗಲೆಲ್ಲ ಅನಿಸುತ್ತದೆ.

ಎರಡನೆಯ ವಾರ ಅಬ್ಬಾಸ್ ಕಿಯರೋಸ್ತಮಿ ಅವರ "ವೇರ್ ಈಸ್ ದ ಫ್ರೆಂಡ್ಸ್ ಹೌಸ್" (1987). ಸಹಪಾಠಿಯ ನೋಟ್‌ಬುಕ್ ತಪ್ಪಿ ತನ್ನ ಚೀಲದಲ್ಲಿ ಬಂದಿದೆ. ಅದರಲ್ಲಿ ಹೋಂವರ್ಕ್ ಬರೆಯದಿದ್ದರೆ ಮೇಷ್ಟ್ರು ಅವನನ್ನು ಶಾಲೆಯಿಂದ ಹೊರಹಾಕುತ್ತಾರೆ. ಅದನ್ನು ತಲುಪಿಸಲು ಅಹ್ಮದ್ ಎಂಬ ಪುಟ್ಟ ಹುಡುಗ ಪಕ್ಕದ ಹಳ್ಳಿಗೆ ಓಡುತ್ತಾನೆ. ದೊಡ್ಡವರು ಯಾರೂ ಅವನ ಮಾತನ್ನು ಪೂರ್ತಿ ಕೇಳುವುದಿಲ್ಲ. ಈ ಚಿತ್ರವನ್ನು ಮಕ್ಕಳಿಗಿಂತ ಮುಖ್ಯವಾಗಿ ಪೋಷಕರು, ಶಿಕ್ಷಕರು ನೋಡಬೇಕೆಂದು ನನ್ನ ಕೋರಿಕೆ.

ಈ ಎರಡೂ ಚಿತ್ರಗಳನ್ನು ನಿರ್ಮಿಸಿದ್ದು ಯಾವುದೋ ದೊಡ್ಡ ಸಿನಿಮಾ ಕಂಪನಿಯಲ್ಲ. ಮಕ್ಕಳ ಬೌದ್ಧಿಕ ಬೆಳವಣಿಗೆಗಾಗಿ 1965ರಲ್ಲಿ ಇರಾನಿನಲ್ಲಿ ಆರಂಭವಾದ "ಕಾನೂನ್" ಎಂದು ಕರೆಯಲ್ಪಡುವ ಸಂಸ್ಥೆ. ಅದು ಮಕ್ಕಳಿಗೆ ಗ್ರಂಥಾಲಯಗಳನ್ನು ತೆರೆಯಿತು, ಪುಸ್ತಕ ಪ್ರಕಟಿಸಿತು, ಅದರ ಜೊತೆಗೇ ಸಿನಿಮಾ ವಿಭಾಗವನ್ನೂ ಕಟ್ಟಿತು. ಆ ವಿಭಾಗವನ್ನು ಕಟ್ಟಿದವರಲ್ಲಿ ಕಿಯರೋಸ್ತಮಿಯೂ ಒಬ್ಬರು. ಪುಸ್ತಕ ಕೊಡುವ ಸಂಸ್ಥೆಯೇ ಸಿನಿಮಾವನ್ನೂ ಕೊಟ್ಟಿತು ಎಂಬುದನ್ನು ನಮ್ಮಂಥ ಶಿಕ್ಷಣ ಸಂಘಗಳು ನೆನಪಿಡಬೇಕು.

ಮುಂದಿನ ಮೂರು ಚಿತ್ರಗಳಲ್ಲಿ ಸಲಾಮ್ ಇಲ್ಲ, ಮಸೀದಿ ಇಲ್ಲ. ಪೂರ್ತಿ ಅಪರಿಚಿತರನ್ನು ಕಾಣುತ್ತೀರಿ. ಡಿ ಸಿಕಾ ಅವರ ಇಟಲಿಯ "ಬೈಸಿಕಲ್ ಥೀವ್ಸ್" (1948) ಯುದ್ಧದ ನಂತರದ ರೋಮ್ ನಗರದ ಕಥೆ. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಆದರೆ ಸೈಕಲ್ ಇರಲೇಬೇಕು. ಮನೆಯ ಹಾಸಿಗೆಯ ಬಟ್ಟೆಗಳನ್ನು ಗಿರವಿ ಇಟ್ಟು ಸೈಕಲ್ ಬಿಡಿಸಿಕೊಂಡು ಬಂದರೆ, ಮೊದಲ ದಿನವೇ ಅದು ಕಳುವಾಗುತ್ತದೆ. ಮಗನ ಕೈಹಿಡಿದು ಊರೆಲ್ಲ ಹುಡುಕಿದ ಆ ಅಪ್ಪ ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಆ ಪಾತ್ರ ಮಾಡಿದವರು ವೃತ್ತಿನಟರಲ್ಲ, ಕಾರ್ಖಾನೆಯ ಕೆಲಸಗಾರ. ಕಳ್ಳ ಎಂಬ ಪದವನ್ನು ಅಷ್ಟು ಸುಲಭವಾಗಿ ಬಳಸಲು ಈ ಚಿತ್ರ ನೋಡಿದವರಿಗೆ ಆಗುವುದಿಲ್ಲ.

ಕುರೊಸಾವ ಅವರ "ಇಕಿರು" (1952) ಚಿತ್ರದಲ್ಲಿ ಬಡ ಬಡಾವಣೆಯ ಹೆಂಗಸರು ಕೊಳಚೆ ನೀರಿನ ಗುಂಡಿ ಮುಚ್ಚಿಸಿ, ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಎಂದು ಕಚೇರಿಗೆ ಬರುತ್ತಾರೆ. ಈ ಕೌಂಟರಿನಿಂದ ಆ ಕೌಂಟರಿಗೆ, ಆ ಇಲಾಖೆಯಿಂದ ಈ ಇಲಾಖೆಗೆ ಅವರನ್ನು ಅಲೆಸುತ್ತಾರೆ. (ನಗು) ತಾವು ನಗುತ್ತಿದ್ದೀರಿ ಎಂದರೆ ಜಪಾನ್ ದೂರವಿಲ್ಲ ಎಂದಾಯಿತು. ಅದೇ ಕಚೇರಿಯ ಅಧಿಕಾರಿಯೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದಾಗ, ಉಳಿದ ಕೆಲವೇ ತಿಂಗಳಲ್ಲಿ ಅವರು ಏನು ಮಾಡಿದರು ಎಂಬುದೇ ಕಥೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು ಈ ಚಿತ್ರವನ್ನು ತಪ್ಪಿಸಬೇಡಿ. ಕುರೊಸಾವ ಅವರದೇ "ರಶೋಮನ್" (1950) ಚಿತ್ರದಲ್ಲಿ ಒಂದು ಕೊಲೆ, ನಾಲ್ಕು ಹೇಳಿಕೆ. ಒಂದೊಂದೂ ಬೇರೆ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಅರೆಗಳಿಗೆಯಲ್ಲಿ ಮುಂದೆ ಕಳಿಸುವ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

"ನಮ್ಮ ಮಕ್ಕಳಿಗೆ ಇದು ಅರ್ಥವಾಗುತ್ತದೆಯೇ?" ಎಂಬ ಅನುಮಾನ ಉಳಿಯಿತು. ಅದಕ್ಕೆ ನಮ್ಮ ಕರ್ನಾಟಕವೇ ಉತ್ತರ ಕೊಟ್ಟಿದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕೆ.ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಆ ಹಳ್ಳಿಯ ರೈತರಿಗೆ, ಕೂಲಿಯವರಿಗೆ, ಶಾಲೆಯ ಮಕ್ಕಳಿಗೆ ತೋರಿಸಿದರು. "ಬೈಸಿಕಲ್ ಥೀವ್ಸ್", "ರಶೋಮನ್", "ಪಥೇರ್ ಪಾಂಚಾಲಿ" ಚಿತ್ರಗಳನ್ನು ಅಲ್ಲಿನ ಜನ ನೋಡಿದರು, ಕನ್ನಡದಲ್ಲಿ ಚರ್ಚಿಸಿದರು. ಪುಣೆಯಿಂದ ಸತೀಶ್ ಬಹಾದ್ದೂರ್ ಅಂಥ ಪ್ರಾಧ್ಯಾಪಕರು ಬಂದು ಚಲನಚಿತ್ರ ರಸಗ್ರಹಣ ಶಿಬಿರ ನಡೆಸಿದರು. 1980ರ ದಶಕದಲ್ಲಿ "ಜನಸ್ಪಂದನ" ಯೋಜನೆಯ ಮೂಲಕ ಈ ಚಿತ್ರಗಳು ಬೇರೆ ಬೇರೆ ಊರುಗಳಿಗೂ ಹೋದವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂದು ಪಟ್ಟಣದವರು ಹೇಳುತ್ತಿದ್ದ ಮಾತನ್ನು ಹೆಗ್ಗೋಡು ಸುಳ್ಳು ಮಾಡಿತು. ಹಾಗಿದ್ದ ಮೇಲೆ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ತಮಿಳು ಮಾತನಾಡುವ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆಯ ಭಯವೇ?

ಇಂಥ ಪ್ರದರ್ಶನಗಳಿಂದ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಆರಂಭಿಸಿದರು. ರಾಯ್ ಅವರು 1950ರಲ್ಲಿ ಲಂಡನ್ನಿನಲ್ಲಿ "ಬೈಸಿಕಲ್ ಥೀವ್ಸ್" ನೋಡಿದರು. 1955ರಲ್ಲಿ "ಪಥೇರ್ ಪಾಂಚಾಲಿ" ಬಂತು. ಬೇರೆ ದೇಶದ ಬಡವನ ಕಥೆ ನೋಡಿದ ಕಣ್ಣು ತನ್ನ ಊರಿನ ಬಡವನನ್ನು ಹೊಸದಾಗಿ ಕಂಡಿತು.

ನಮ್ಮ ಬೆಂಗಳೂರಿನಲ್ಲಿ ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿ 1971ರಿಂದ ಈ ಕೆಲಸ ಮಾಡುತ್ತ ಬಂದಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಹಲವು ವರ್ಷ ನಮ್ಮ ರಾಜಾಜಿನಗರದ ಒರಾಯನ್ ಮಾಲ್‌ನಲ್ಲೇ ನಡೆಯಿತು. 2025ರ ಮಾರ್ಚ್ 1ರಿಂದ 8ರವರೆಗೆ 16ನೇ ಉತ್ಸವ ಅಲ್ಲಿ ನಡೆದಾಗ ಕೆಂಗೇರಿಯಿಂದ, ವಿಜಯನಗರದಿಂದ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಾಯಿಸಿ ತಲುಪಬಹುದಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸ್ ಸಹ ಇತ್ತು. ನಮ್ಮಲ್ಲಿ ಎಷ್ಟು ಜನ ಹೋದೆವು? ಕೈ ಎತ್ತಿ ಎಂದರೆ ನನಗೇ ಸಂಕೋಚವಾದೀತು. ಜಗತ್ತು ನಮ್ಮ ಮನೆಯ ಹತ್ತಿರ ಬಂದಿತ್ತು, ಅದು ನಮಗಾಗಿ ಅಲ್ಲ ಎಂದು ನಾವು ಸುಮ್ಮನಿದ್ದೆವು. ಆ ಸಂಕೋಚವನ್ನು ಬಿಡಿಸುವುದೂ ಈ ಮಾಲಿಕೆಯ ಉದ್ದೇಶ.

ಕೊನೆಯ ವಾರ ನಮ್ಮದೇ ನೆಲದ ಚಿತ್ರ. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ "ಗರ್ಮ್ ಹವಾ". ದೇಶ ವಿಭಜನೆಯ ನಂತರ ಆಗ್ರಾದಲ್ಲೇ ಉಳಿದ ಶೂ ವ್ಯಾಪಾರಿ ಸಲೀಮ್ ಮಿರ್ಜಾ ಕುಟುಂಬದ ಕಥೆ. ಬಲರಾಜ್ ಸಾಹ್ನಿ ಅವರ ಕೊನೆಯ ದೊಡ್ಡ ಪಾತ್ರ. ಸೆನ್ಸಾರ್‌ನಲ್ಲಿ ತಿಂಗಳುಗಟ್ಟಲೆ ತಡೆದು ನಿಂತಿದ್ದ ಈ ಚಿತ್ರ ಮೊದಲು ತೆರೆಕಂಡದ್ದು ನಮ್ಮ ಬೆಂಗಳೂರಿನಲ್ಲಿ. ಈ ಚಿತ್ರದಲ್ಲಿಯೂ ಬಾಡಿಗೆ ಮನೆ ಹುಡುಕುವ ದೃಶ್ಯವಿದೆ. ನೋಡಿದಾಗ ನಮ್ಮ ಹುಡುಗನ ನೆನಪಾಗುತ್ತದೆ.

ಮುಂದಿನ ವರ್ಷ ಸಾಧ್ಯವಾದರೆ ಗಿರೀಶ್ ಕಾಸರವಳ್ಳಿ ಅವರ ಎರಡು ಚಿತ್ರಗಳನ್ನು ತೋರಿಸಬೇಕು. "ಹಸೀನಾ" (2004) ಬಾನು ಮುಷ್ತಾಕ್ ಅವರ "ಕರಿ ನಾಗರಗಳು" ಕಥೆಯನ್ನು ಆಧರಿಸಿದ್ದು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಜಮಾಅತ್ ಮುಂದೆ ನ್ಯಾಯ ಕೇಳುತ್ತಾಳೆ. 2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟರೆ ಸಾಲದು, ಆ ಹೆಣ್ಣಿನ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕು. "ಗುಲಾಬಿ ಟಾಕೀಸ್" (2008) ವೈದೇಹಿ ಅವರ ಕಥೆಯಿಂದ ಬಂದದ್ದು. ಕುಂದಾಪುರದ ಕಡೆಯ ಮೀನುಗಾರರ ಹಳ್ಳಿಯಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ. ಬೇರೆ ಬೇರೆ ಜಾತಿ ಧರ್ಮದ ಹೆಂಗಸರು ಅವಳ ಮನೆಯಲ್ಲಿ ಒಟ್ಟಿಗೆ ಕೂತು ನೋಡುತ್ತಾರೆ. ಆಮೇಲೆ ಊರಿನ ಗಾಳಿ ಕೆಡುತ್ತದೆ. ಒಟ್ಟಿಗೆ ಕೂತು ನೋಡುವುದು ಎಷ್ಟು ದೊಡ್ಡ ವಿಷಯ, ಅದು ಎಷ್ಟು ಬೇಗ ಮುರಿಯಬಹುದು ಎಂದು ಆ ಚಿತ್ರ ತೋರಿಸುತ್ತದೆ.

ಈಗ ಧರ್ಮದ ದೃಷ್ಟಿಯಿಂದ ಕೆಲವರಿಗಿರುವ ಸಂದೇಹದ ಬಗ್ಗೆ ಎರಡು ಮಾತು. ನಾನು ಆಲಿಮ್ ಅಲ್ಲ, ಫತ್ವಾ ಹೇಳುವ ಅರ್ಹತೆ ನನಗಿಲ್ಲ. ಮನಸ್ಸು ಒಪ್ಪದವರು ಬರದಿದ್ದರೆ ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಒಂದು ವಾಸ್ತವವನ್ನು ಮುಚ್ಚಿಡಲಾಗದು. ನಮ್ಮ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಚಾದರದೊಳಗೆ ಒಬ್ಬೊಬ್ಬರೇ ಏನನ್ನು ನೋಡುತ್ತಿದ್ದಾರೆಂದು ನಮಗೆ ಗೊತ್ತಿಲ್ಲ. ನೋಡಬೇಡಿ ಎಂದು ಹೇಳುವ ಕಾಲ ಕಳೆದಿದೆ. ಯಾವುದನ್ನು, ಯಾರ ಜೊತೆ, ಹೇಗೆ ನೋಡಬೇಕೆಂದು ಹೇಳಿಕೊಡುವ ಕಾಲ ಇನ್ನೂ ಉಳಿದಿದೆ.

ಕೆಲವು ನಿಯಮಗಳನ್ನು ಸಮಿತಿಯು ಒಪ್ಪಿದೆ. ಆರು ಭಾನುವಾರ, ಆರು ಚಿತ್ರ. ಝುಹರ್ ನಮಾಜಿನ ನಂತರ ಆರಂಭ. "ಇಕಿರು" ಒಂದನ್ನು ಬಿಟ್ಟರೆ ಮೊದಲ ಐದರಲ್ಲಿ ಉಳಿದವೆಲ್ಲ ಸುಮಾರು ಒಂದೂವರೆ ಗಂಟೆಯವು. ಹತ್ತು ನಿಮಿಷ ಕನ್ನಡ ಮತ್ತು ಉರ್ದುವಿನಲ್ಲಿ ಪರಿಚಯ, ಏಕೆಂದರೆ ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಎಲ್ಲರೂ ಓದಿ ಮುಗಿಸಲಾರರು. ಚಿತ್ರ ಮುಗಿದ ಮೇಲೆ ಅಸರ್, ಚಹಾ, ಆಮೇಲೆ ಚರ್ಚೆ. ಚರ್ಚೆಯಲ್ಲಿ ಮೊದಲ ಮಾತು ವಿದ್ಯಾರ್ಥಿಗಳದು, ಹಿರಿಯರದು ಕೊನೆಗೆ. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ತರಬೇಕು. ಚಿತ್ರ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯುವುದು ಬೇಡ. ಏನನ್ನು ಕಂಡಿರಿ ಎಂದು ಒಂದು ಪುಟ ಬರೆಯಿರಿ. ಇನ್ನೊಂದು ಮಾತು: ಚಿತ್ರಗಳನ್ನು ಅನುಮತಿ ಪಡೆದೇ ತೋರಿಸುತ್ತೇವೆ. ಕದ್ದ ಪ್ರತಿಯಲ್ಲಿ ಮಸೀದಿಯ ಸಕ್ಕರೆಯ ದೃಶ್ಯ ತೋರಿಸಿದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ತಾಯಂದಿರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಹೆಣ್ಣುಮಕ್ಕಳನ್ನು ಕರೆತನ್ನಿ, ನೀವೂ ಬನ್ನಿ. ನಮ್ಮ ಮನೆಗಳ ಎಷ್ಟೋ ಹುಡುಗಿಯರು ಚಿತ್ರಮಂದಿರಕ್ಕೆ ಹೋದವರಲ್ಲ, ಚಿತ್ರೋತ್ಸವಕ್ಕಂತೂ ದೂರದ ಮಾತು. ಈ ಸಭಾಂಗಣ ನಿಮ್ಮದೇ ಮನೆ. ಝಹ್ರಾಳ ಓಟವನ್ನು ನಮ್ಮ ಹುಡುಗರು ನೋಡುವುದಕ್ಕಿಂತ ಮೊದಲು ನಮ್ಮ ಹುಡುಗಿಯರು ನೋಡಬೇಕು. ನೆರೆಹೊರೆಯವರನ್ನೂ ಕರೆಯಿರಿ. ಮುಂದಿನ ವಾರ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರೆ ಸಮುದಾಯದ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಜೊತೆಗೆ ಕರೆತಂದರೆ ನಮ್ಮ ಅರ್ಧ ಕೆಲಸ ಆದಂತೆ.

ಹಿರಿಯರು ಕೇಳಿದ ಪ್ರಶ್ನೆಗೆ ಮತ್ತೆ ಬರುತ್ತೇನೆ. ಗಣಿತದ ಟ್ಯೂಷನ್ ಬೇಡವೆಂದು ನಾನು ಹೇಳುತ್ತಿಲ್ಲ, ಅದು ವಾರದ ಆರು ದಿನ ನಡೆಯಲಿ. ನಮ್ಮ ಹುಡುಗ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದೇ ಕೆಲಸಕ್ಕೆ ಸೇರಿದ. ಆದರೂ ಅವನಿಗೆ ಮನೆ ಸಿಗಲಿಲ್ಲ. ಅವನನ್ನು ನೋಡಿದವರಿಗೆ ನೋಡಲು ಯಾರೂ ಕಲಿಸಿರಲಿಲ್ಲ. ಅವರಿಗೆ ಕಲಿಸುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ನಮ್ಮ ಮಕ್ಕಳು ಕಲಿಯುವುದು ನಮ್ಮ ಕೈಯಲ್ಲಿದೆ. ನಾಳೆ ಅವರಲ್ಲಿ ಕೆಲವರು ಮನೆಯ ಮಾಲೀಕರಾಗುತ್ತಾರೆ, ಶಿಕ್ಷಕರಾಗುತ್ತಾರೆ, ಕೌಂಟರಿನ ಆ ಬದಿಯಲ್ಲಿ ಕೂರುವ ಅಧಿಕಾರಿಗಳಾಗುತ್ತಾರೆ. ಅಲ್ಲಾಹನು ಅನುಗ್ರಹಿಸಿದರೆ ಯಾರಾದರೊಬ್ಬರು ಒಂದು ಸಿನಿಮಾವನ್ನೂ ಮಾಡಿಯಾರು. ಆಗ ತಮ್ಮ ಎದುರು ಬಂದು ನಿಂತವರನ್ನು ಅವರು ಸರಿಯಾಗಿ ನೋಡಲಿ ಎಂದು ನನ್ನ ದುಆ.

 ದೀಪ ಆರಿಸಲು ಹುಡುಗರು ಸ್ವಿಚ್ಚಿನ ಬಳಿ ಆಗಲೇ ಹೋಗಿ ನಿಂತಿದ್ದಾರೆ.